ಹಲಸಿನ ಹಲಗೆಯ ಮೇಲೆ ನಾಲ್ಕು ಮೀಟರ್

ಫೆಬ್ರವರಿ 4, 2025, ಮಂಗಳವಾರ

ಇವತ್ತೂ ಎರಡು ಟ್ರಿಪ್ ಹುಲ್ಲು, ವಿರೂಪಾಕ್ಷಿಪುರದಿಂದ ಬೈರಮಂಗಲಕ್ಕೆ. ಎರಡನೇ ಟ್ರಿಪ್ಪಿನಲ್ಲಿ ಮುನಿಶಾಮಿ ಮತ್ತೆ ಟೀಗೆ ನಿಲ್ಲಿಸು ಅಂದ. ಅರ್ಧ ಗಂಟೆ ಹಿಂದೆ ತಾನೇ ಕುಡಿದಿದ್ದ. ಇಪ್ಪತ್ತೆಂಟು ವರ್ಷದಿಂದ ನನ್ನ ಗಾಡಿಗೆ ಇವನೇ ಕ್ಲೀನರ್, ಇಂಥ ಟೀ ಹುಚ್ಚು ಮೊದಲು ಇರಲಿಲ್ಲ. ನಿಲ್ಲಿಸಿದೆ. ಎರಡು ಗುಟುಕು ಕುಡಿದು ಲೋಟ ಇಟ್ಟ, ಬಾನೆಟ್ ಎತ್ತಿ ಒಳಗೆ ತಲೆ ಹಾಕಿದ. ಏನ್ಲಾ ಅಂದೆ. ಸುಮ್ಕೆ ಅಂದ.

ವಾಪಸ್ ಬರುವಾಗ ಹೇಳಿದೆ — ಗಾಡಿಗೆ ಮೀಟರ್ ಹಾಕಿಸ್ತೀನಿ ಅಂತ. ಹೊಸವು, ದೊಡ್ಡವು, ನಾಲ್ಕು. ಅವನು ನನ್ನ ಮುಖ ನೋಡಿದ. ಆಮೇಲೆ ನಕ್ಕ. ಈ ವಯಸ್ಸಲ್ಲಿ ಇದೇನು ಶೋಕಿ ಅಂದ.

ಶೋಕಿ ಅಂತಲೇ ಇರಲಿ.

ಎಪ್ಪತ್ತೊಂಬತ್ತರ ಮಾಡೆಲ್. ಮೂಗು ಮುಂದಕ್ಕೆ ಚಾಚಿದ ಹಳೇ ಲಾರಿ, ಈಗ ಹೈವೇಲಿ ಕಂಡರೆ ಕಾರಿನವರು ನಿಲ್ಲಿಸಿ ಫೋಟೋ ತೆಗೀತಾರೆ. ಅಪ್ಪ ಸೆಕೆಂಡ್ ಹ್ಯಾಂಡ್ ತಂದಾಗಲೇ ಡ್ಯಾಶ್‌ಬೋರ್ಡಿನಲ್ಲಿ ಒಂದು ಮೀಟರೂ ಇರಲಿಲ್ಲ. ನಾಲ್ಕು ತೂತು. ಒಂದರಲ್ಲಿ ಮಾದಪ್ಪನ ಫೋಟೋ, ಒಂದರಲ್ಲಿ ಬೀಡಿ ಕಟ್ಟು, ಎರಡಕ್ಕೆ ಬಟ್ಟೆ ತುರುಕಿದ್ದು. ಅಪ್ಪ ಬರೀ ಕಿವಿಯಲ್ಲೇ ಓಡಿಸಿದ. ನನಗೂ ಹಾಗೇ ಕಲಿಸಿದ.

ಈಗ ಇದನ್ನ ಎಲ್ಲಾದರೂ ಒಂದು ಕಡೆ ಬರೀಬೇಕು. ಟ್ರಿಪ್ ಬುಕ್ಕಿನ ಹಿಂದುಗಡೆ ಹಾಳೆಯನ್ನ ಯಾರೂ ನೋಡಲ್ಲ. ಕಿವಿ ಹೋಗ್ತಾ ಇದೆ. ಎಡಗಡೆದು ಮುಕ್ಕಾಲು ಹೋಯ್ತು, ಬಲಗಡೆದು ದಿನಕ್ಕೊಂದು ಥರ. ವಾಲ್ವ್ ಟಿಕ್ ಟಿಕ್ ಅನ್ನೋದು, ಆಯಿಲ್ ಕಮ್ಮಿ ಆದಾಗ ಎಂಜಿನ್ ಒಣ ಕೆಮ್ಮು ಕೆಮ್ಮೋದು — ಒಂದೂ ಗೊತ್ತಾಗಲ್ಲ. ಕಾಲ ಕೆಳಗೆ ನಡುಕ ಬರುತ್ತೆ, ಅಷ್ಟೆ. ಯಾರಿಗೂ ಹೇಳಿಲ್ಲ. ಹೆಂಡತಿ ಪ್ರತಿಮಾಗೂ ಇಲ್ಲ. ಹೇಳಿದ ದಿನ ಸ್ಟೀರಿಂಗ್ ಬಿಡಬೇಕು. ಬಿಟ್ಟು ಏನು ಮಾಡಲಿ. ಐವತ್ತೇಳು ವರ್ಷ, ಬೇರೆ ಏನೂ ಬರಲ್ಲ. ಕಿವಿ ಮಾಡ್ತಿದ್ದ ಕೆಲಸವನ್ನ ಕಣ್ಣು ಮಾಡಿದರೆ ಸಾಕು.

ಫೆಬ್ರವರಿ 9, ಭಾನುವಾರ

ರಾಮನಗರ. ಆಟೋ ಎಲೆಕ್ಟ್ರಿಷಿಯನ್ ಸಿದ್ಧಾರ್ಥನ ಅಂಗಡಿ. ಒಳ್ಳೇ ಕೆಲಸಗಾರ, ಮಾತು ಜಾಸ್ತಿ. ನಾಲ್ಕು ಮೀಟರ್ — ಎಂಜಿನ್ ಬಿಸಿ, ಆಯಿಲ್ ಪ್ರೆಷರ್, ಬ್ಯಾಟರಿ, ಬ್ರೇಕಿನ ಗಾಳಿ. ಬಿಳೀ ಮುಖ, ಕೆಂಪು ಮುಳ್ಳು, ಅಂಗೈ ಅಗಲ ಬೇಕು ಅಂದೆ. ಅವನಿಗೆ ಖುಷಿಯೋ ಖುಷಿ. ಹಳೇ ಗಾಡಿ ರೆಡಿ ಮಾಡಿ ವೀಡಿಯೋ ಹಾಕ್ತಾರಂತೆ, ನನ್ನದನ್ನೂ ಹಾಕ್ತಾನಂತೆ. ಬೇಡ ಅಂದೆ.

ಆದರೆ ಡ್ಯಾಶ್‌ಬೋರ್ಡಿನ ತಗಡು ತುಕ್ಕು ತಿಂದು ಹಪ್ಪಳ. ಬೆರಳಲ್ಲಿ ಒತ್ತಿದ, ಬೆರಳೇ ಆಚೆ ಹೋಯ್ತು. ಕತ್ತರಿಸಿ ಬೇರೆ ಹಲಗೆ ಕೂರಿಸಬೇಕು. ಚನ್ನಪಟ್ಟಣದವರು ನೀವು, ಮರದಲ್ಲೇ ಮಾಡಿಸಿ ಅಂದ. ಮೀಟರಿನ ಸುತ್ತ ಬಣ್ಣದ ಬಳೆ ಹಾಕಿಸಿದರೆ ಆ ಲುಕ್ಕೇ ಬೇರೆ ಅಂತ.

ಅವನು ಹೇಳಿದ್ದರಲ್ಲಿ ಅರ್ಧ ಬಾಯಿ ನೋಡಿ ಊಹಿಸಿದ್ದು. ಅಂಗಡಿ ಮುಂದೆ ಬಸ್ಸುಗಳು. ಸರಿಯಾಗಿ ಊಹಿಸಿದ್ದೀನೋ ಇಲ್ಲವೋ.

ಫೆಬ್ರವರಿ 17, ಸೋಮವಾರ

ಚನ್ನಪಟ್ಟಣದಲ್ಲಿ ಮಹ್ವಿಶ್ ಅಂತ, ಅವರಪ್ಪ ಹೋದ ಮೇಲೆ ಗೊಂಬೆ ತಿರುಗಿಸೋ ಮಿಶನ್ ಅವಳೇ ನಡೆಸ್ತಾಳೆ. ಮೂವತ್ತು ವರ್ಷ ಇರಬಹುದು. ಮಂಡಿ ಮೇಲೆ ಗೋಣಿ ಹಾಕಿಕೊಂಡು, ಉಳಿ ಹಿಡಿದು ಕೂತಿದ್ದಳು. ಹಲಗೆಯಷ್ಟು ಅಗಲ ಗೊಂಬೆ ಮಾಡೋ ಆಲೆಮರ ಸಿಗಲ್ಲ, ಹಲಗೆ ಹಲಸಿನದು ಮಾಡ್ತೀನಿ, ಮೀಟರಿನ ಸುತ್ತ ಬಳೆ ಮಾತ್ರ ಆಲೆಯದು ಅಂದಳು. ಬಣ್ಣ ಯಾವುದು ಅಂತ ಕೇಳಿದಳು. ಬಿಸಿಗೆ ಕೆಂಪು, ಆಯಿಲಿಗೆ ಹಳದಿ, ಬ್ಯಾಟರಿಗೆ ಹಸಿರು, ಗಾಳಿಗೆ ನೀಲಿ. ದೂರದಿಂದಲೇ ಯಾವುದು ಯಾವುದು ಅಂತ ಗೊತ್ತಾಗಬೇಕು. ಇಷ್ಟು ದೊಡ್ಡದು ಯಾಕಣ್ಣ ಅಂದಳು. ಕಣ್ಣು ಮಂಜು ಅಂದೆ. ಸುಳ್ಳು.

ಒಂದು ವಿಚಿತ್ರ. ಅವಳ ಜೊತೆ ಒಂದು ಗಂಟೆ ಮಾತಾಡಿದೆ, ಒಂದು ಸಲವೂ 'ಹ್ಞಾ?' ಅನ್ನಲಿಲ್ಲ. ಬಸ್ ಹತ್ತಿದ ಮೇಲೆ ಹೊಳೀತು. ಮಿಶನ್ ಸದ್ದಲ್ಲಿ ಅವರೆಲ್ಲ ಮುಖಕ್ಕೆ ಮುಖ ಕೊಟ್ಟು, ತುಟಿ ಬಿಡಿಸಿ ಮಾತಾಡ್ತಾರೆ. ಊರೆಲ್ಲ ಹೀಗೇ ಮಾತಾಡಿದರೆ ನನಗೆ ಕಿವಿಯೇ ಬೇಕಿರಲಿಲ್ಲ.

ಫೆಬ್ರವರಿ 27, ಗುರುವಾರ

ಕೂತಿತು! ಬೆಳಿಗ್ಗೆ ಹತ್ತಕ್ಕೆ ಶುರು ಮಾಡಿ ನಾಲ್ಕಕ್ಕೆ ಮುಗಿಸಿದ ಸಿದ್ಧಾರ್ಥ. ಹಲಗೆ ಜೇನಿನ ಬಣ್ಣ, ಅರಗಿನ ಬಳೆಗಳು ಫಳಫಳ. ಎಂಜಿನ್ ಸ್ಟಾರ್ಟ್ ಮಾಡಿದ. ನಾಲ್ಕೂ ಮುಳ್ಳು ಎದ್ದು ನಿಂತವು. ಆಯಿಲ್ ಮಧ್ಯಕ್ಕೆ, ಬಿಸಿ ಕಾಲು ಭಾಗಕ್ಕೆ. ನನ್ನ ಗಾಡಿ ಒಳಗೆ ಏನಾಗ್ತಿದೆ ಅಂತ ಎರಡು ವರ್ಷದ ಮೇಲೆ ಗೊತ್ತಾಯ್ತು. ಕಣ್ಣಲ್ಲಿ ನೀರು ಬಂತು, ಹೊಗೆ ಅಂದೆ.

ಮುನಿಶಾಮಿ ಡೋರಿನ ಹತ್ತಿರ ನಿಂತು ನೋಡಿದ. ಮಾದಪ್ಪನ ಫೋಟೋ ಎಲ್ಲಿ ಅಂತ ಮಾತ್ರ ಕೇಳಿದ. ಗಾಜಿನ ಮೇಲೆ ಅಂಟಿಸಿದೆ.

ಮನೆಗೆ ಬಂದು ಪ್ರತಿಮಾಗೆ ತೋರಿಸಿದೆ. ಗೊಂಬೆ ಮದುವೆಗೆ ಮಂಟಪ ಕಟ್ಟಿದಂಗೆ ಐತೆ ಅಂದಳು. ನಕ್ಕಳು. ತುಂಬಾ ದಿನ ಆಗಿತ್ತು ನಕ್ಕು. ನಾನು ಯಾವುದಕ್ಕೋ ಅವಳ ಮೇಲೆ ಮುನಿಸಿಕೊಂಡಿದ್ದೀನಿ ಅಂತಲೇ ಅವಳು ತಿಳಿದಿದ್ದಾಳೆ, ಕರೆದರೆ ತಿರುಗಲ್ಲವಲ್ಲ. ಹಾಗೇ ತಿಳಿದಿರಲಿ. ಕೋಪಿಷ್ಠ ಅನ್ನಿಸಿಕೊಂಡರೂ ಪರವಾಗಿಲ್ಲ, ಕಿವುಡ ಅನ್ನಿಸಿಕೊಳ್ಳೋದು ಬೇಡ.

ಮಾರ್ಚ್ 2, ಭಾನುವಾರ

ಏನಿದು?

ಕನಕಪುರ ರಸ್ತೆ. ಸಂಜೆ ಆಯ್ತು ಅಂತ ಹೆಡ್‌ಲೈಟ್ ಹಾಕಿದೆ. ಆಯಿಲ್ ಮುಳ್ಳು ದಬಕ್ ಅಂತ ಸೊನ್ನೆಗೆ ಬಿತ್ತು. ಬಿಸಿ ಮುಳ್ಳು ಕೆಂಪು ದಾಟಿತು. ಬದಿಗೆ ಹಾಕಿ ಎಂಜಿನ್ ಆಫ್ ಮಾಡಿದೆ. ಬಾನೆಟ್ ತೆಗೆದು ಮುಟ್ಟಿ ನೋಡಿದೆ. ಬಿಸಿ ಇದೆ, ಆದರೆ ಎಷ್ಟು ಬಿಸಿ? ಮೊದಲಾದರೆ ಕೇಳಿದರೆ ಸಾಕಿತ್ತು.

ಮತ್ತೆ ಸ್ಟಾರ್ಟ್ ಮಾಡಿಸಿ ಮುನಿಶಾಮಿ ತಲೆ ವಾರೆ ಮಾಡಿಕೊಂಡು ನಿಂತ. "ಚೆನ್ನಾಗೇ ಐತೆ ಕಣಣ್ಣ. ಮೀಟ್ರೇ ಸುಳ್ ಯೋಳ್ತಾವೆ."

ಇವನು ನಲವತ್ತೈದು ಕಿಲೋಮೀಟರಿಗೆ ಮೂರು ಟೀ ಕುಡಿಯೋ ಮನುಷ್ಯ. ಇವನ ಮಾತು ನಂಬಲೋ, ಮೀಟರ್ ನಂಬಲೋ? ಹೆದರಿಕೊಂಡೇ ಮೂವತ್ತರ ಸ್ಪೀಡಲ್ಲಿ ಬಂದೆ.

ಮಾರ್ಚ್ 5, ಬುಧವಾರ

ಸಿದ್ಧಾರ್ಥನ ಅಂಗಡಿ. ಅಲ್ಲಿ ನಿಲ್ಲಿಸಿದರೆ ಎಲ್ಲ ಸರಿ. ಲೈಟ್ ಹಾಕು, ಸರಿ. ಹಾರ್ನ್ ಹೊಡಿ, ಸರಿ. ಅವನು ನನ್ನನ್ನೇ ಒಂಥರಾ ನೋಡಿದ. ಅಂಗಡಿ ಬಿಟ್ಟು ಅರ್ಧ ಕಿಲೋಮೀಟರ್ ಹೋದೆ, ಒಂದು ಗುಂಡಿ. ನಾಲ್ಕರಲ್ಲಿ ಮೂರು ಮುಳ್ಳು ಕುಣಿದವು. ಗಾಳಿಯದು ಒಂದೇ ಗಟ್ಟಿ ನಿಂತಿತ್ತು. ತಿರುಗಿಸಿಕೊಂಡು ಬಂದೆ. ಅಂಗಡಿ ಮುಂದೆ ನಿಲ್ಲಿಸಿದೆ. ಮತ್ತೆ ಸರಿ.

ಡಾಕ್ಟರ್ ಮುಂದೆ ಹೋದ ತಕ್ಷಣ ಜ್ವರ ಬಿಟ್ಟ ಹಾಗೆ.

ಮಾರ್ಚ್ 8, ಶನಿವಾರ

ಅವನೇ ಬಂದ, ಗಾಡಿಯಲ್ಲಿ ಕೂತ. ಮಾಗಡಿ ರಸ್ತೆಯಲ್ಲಿ ಮುಳ್ಳು ಬಿದ್ದದ್ದು ಕಣ್ಣಾರೆ ನೋಡಿದ. ಒಂದು ಕಡೆ ಸಮಾಧಾನ — ನನಗೆ ಹುಚ್ಚು ಹಿಡಿದಿಲ್ಲ. ಅಲ್ಲೇ ನಿಲ್ಲಿಸಿ ಆಯಿಲ್ ಮೀಟರನ್ನ ಹಲಗೆಯಿಂದ ಹೊರಗೆ ತೆಗೆದು, ಸ್ಟೀರಿಂಗ್ ಪೈಪಿಗೆ ತಂತಿಯಲ್ಲಿ ಕಟ್ಟಿದ. ಸರಿ ತೋರಿಸ್ತು. ಬಿಸಿ ಮೀಟರನ್ನೂ ಕಟ್ಟಿದ. ಅದೂ ಸರಿ. ವಾಪಸ್ ಹಲಗೆಯಲ್ಲಿ ಕೂರಿಸಿದ, ಎರಡೂ ಸತ್ತವು.

ಅವನಿಗೂ ತಲೆ ಕೆಟ್ಟಿತು. ಎಂಜಿನ್ನಿಗೆ ಹಾಕಿದ್ದ ಸೆನ್ಸಾರ್ ಬದಲಾಯಿಸಿದ. ವೈರ್ ಬದಲಾಯಿಸಿದ. ಅದೇ ಕಥೆ.

ಮುನಿಶಾಮಿ ಹೇಳಿದ, ಹಲಗೆ ಹಾಕಿದಾಗ ಪೂಜೆ ಮಾಡಿಸಲಿಲ್ಲ ಅಂತ. ನಿಂಬೆಹಣ್ಣು ತಂದ. ಬೈಯೋಕೂ ಮನಸ್ಸಾಗಲಿಲ್ಲ. ಬೇರೆ ಉಪಾಯ ನನ್ನ ಹತ್ತಿರವೂ ಇರಲಿಲ್ಲ, ಚಕ್ರಕ್ಕೆ ಇಟ್ಟು ಹತ್ತಿಸಿದೆ.

ಮಾರ್ಚ್ 19, ಬುಧವಾರ

ಹತ್ತು ದಿನ ಏನೂ ಬರೀಲಿಲ್ಲ. ಬರೆಯೋದಕ್ಕೆ ಏನಿದೆ. ಎಂಜಿನ್ ಮೆಕ್ಯಾನಿಕ್ಕಿಗೆ ತೋರಿಸಿ ಕೆಳಗಿನ ಆಯಿಲ್ ಚೇಂಬರ್ ಬಿಚ್ಚಿಸಿದೆ. ಎರಡು ದಿನ ಗಾಡಿ ನಿಂತಿತು. ಒಳಗೆಲ್ಲ ಚೊಕ್ಕಟ, ಇನ್ನೂ ಹತ್ತು ವರ್ಷ ಓಡುತ್ತೆ ಅಂದ.

ಈಗ ಓಡಿಸುವಾಗ ಕಣ್ಣು ರಸ್ತೆಯಿಂದ ಮೀಟರಿಗೆ, ಮೀಟರಿಂದ ರಸ್ತೆಗೆ. ಮುಳ್ಳು ಬೀಳುತ್ತೆ. ಮುನಿಶಾಮಿ ಏನೂ ಇಲ್ಲ ಅಂತಾನೆ. ನಾನು ಕಿವಿ ಕೊಡ್ತೀನಿ, ಗುಂಯ್ ಅಂತ ಒಂದೇ ಸದ್ದು, ಅದು ಎಂಜಿನ್ನೋ ನನ್ನ ತಲೆಯೋ ಗೊತ್ತಾಗಲ್ಲ. ಮೂವರಲ್ಲಿ ಯಾರು ಸುಳ್ಳು? ಮೀಟರ್ ಸುಳ್ಳು ಅಂತ ಬಿಟ್ಟರೆ ಒಂದು ದಿನ ಅದು ನಿಜ ಹೇಳಿದಾಗಲೂ ನಾನು ನಂಬಲ್ಲ. ನಿಜ ಅಂತ ನಂಬಿದರೆ ಕಿಲೋಮೀಟರಿಗೊಂದು ಸಲ ನಿಲ್ಲಿಸಬೇಕು. ಮಾವಿನ ಸೀಸನ್ ಹತ್ತಿರ ಬಂತು. ಗಾಡಿ ತೆಗೆಯೋಕೇ ಭಯ ಆಗ್ತಿದೆ. ಇದನ್ನ ಯಾರ ಹತ್ತಿರ ಹೇಳಲಿ.

ಪ್ರತಿಮಾ ಏನೋ ಕೇಳಿದಳು. ಎರಡು ಸಲ ಕೇಳಿದಳು. ಮೂರನೇ ಸಲ ಕೇಳದೆ ಎದ್ದು ಹೋದಳು. ಏನು ಕೇಳಿದಳೋ.

ಮಾರ್ಚ್ 24, ಸೋಮವಾರ

ಹಲಗೆಯದ್ದೇ ತಪ್ಪು ಇರಬೇಕು, ಕಿತ್ತು ವಾಪಸ್ ಕೊಡೋಣ ಅಂತ ಗಾಡಿಯನ್ನ ಮಹ್ವಿಶ್ ಮನೆ ಮುಂದೆ ತಂದು ನಿಲ್ಲಿಸಿದೆ. ಅವಳಿಗೆ ಸಿಟ್ಟು ಬಂತು. ನನ್ನ ಮರ ಏನು ಮಾಡ್ತಣ್ಣ ಅಂತ ಸೀಟಿನ ಮೇಲೆ ಮಲಗಿ, ಮೊಬೈಲ್ ಟಾರ್ಚ್ ಹಾಕಿಕೊಂಡು ಹಲಗೆಯ ಹಿಂದೆ ನೋಡಿದಳು. ಈ ಕಪ್ಪು ವೈರ್ ಯಾವುದು ಅಂದಳು. ಸಿದ್ಧಾರ್ಥ ಮೀಟರಿಂದ ಮೀಟರಿಗೆ ಎಳೆದು ಕೊನೆಗೆ ಹಲಗೆಗೆ ಸ್ಕ್ರೂ ಹೊಡೆದದ್ದು. ಅರ್ಥಿಂಗ್ ಅಂದೆ.

"ಮರಕ್ಕೆ ಯಾಕಣ್ಣ ಅರ್ಥಿಂಗ್ ಹೊಡ್ದವ್ರೆ? ಮರದಾಗೆ ಕರೆಂಟ್ ಹರ್ದಿದ್ರೆ ಮಿಶನ್ ಮುಂದೆ ಕೂತು ಕೂತು ನಾನು ಯಾವತ್ತೋ ಹೋಗ್ಬುಡ್ತಿದ್ದೆ."

ಸಿದ್ಧಾರ್ಥ ಹುಟ್ಟಿದಾಗಿಂದ ತಗಡಿನ ಡ್ಯಾಶ್‌ಬೋರ್ಡಿಗೇ ಮೀಟರ್ ಹಾಕಿದವನು. ತಗಡಿಗೆ ಸ್ಕ್ರೂ ಹೊಡೆದರೆ ಮುಗೀತು, ಗಾಡಿ ಮೈಯೆಲ್ಲ ಅರ್ಥಿಂಗೇ. ಕೈ ಅಭ್ಯಾಸದಲ್ಲಿ ಹಲಸಿನ ಹಲಗೆಗೂ ಹೊಡೆದಿದ್ದಾನೆ. ಆ ಸ್ಕ್ರೂ ತುದಿ ಆಚೆ ಬಂದು, ಕತ್ತರಿಸಿ ಉಳಿದ ಹಳೇ ತಗಡಿಗೆ ತಾಗಿದಾಗ ಸರಿ, ಗುಂಡಿಯಲ್ಲಿ ಕುಲುಕಿ ಬಿಟ್ಟಾಗ ಹುಚ್ಚು. ಸ್ಟೀರಿಂಗ್ ಪೈಪಿಗೆ ಕಟ್ಟಿದಾಗ ಸರಿ ಆದದ್ದೂ ಅದು ಕಬ್ಬಿಣ ಅಂತಲೇ. ಗಾಳಿ ಮೀಟರಿಗೆ ಕರೆಂಟೇ ಬೇಡ, ಅದಕ್ಕೇ ಅದೊಂದು ಗಟ್ಟಿ.

ಫೋನ್ ಮಾಡಿ ಕರೆಸಿದೆ. ಸಿದ್ಧಾರ್ಥ ಬಂದ, ನೋಡಿದ, ತಲೆ ಮೇಲೆ ಕೈ ಇಟ್ಟುಕೊಂಡ. ಒಂದು ಗಜ ವೈರ್, ಗಾಡಿಯ ಕಬ್ಬಿಣದ ಛಾಸಿಗೆ ಒಂದು ಬೋಲ್ಟ್. ಐದು ನಿಮಿಷದ ಕೆಲಸ. ಚನ್ನಪಟ್ಟಣದಲ್ಲಿ ಇದನ್ನ ಯಾರಿಗೂ ಹೇಳಬೇಡಿ ಅಂದ. ಮಹ್ವಿಶ್ ಆಗಲೇ ಪಕ್ಕದ ಮನೆಯವರಿಗೆ ಹೇಳ್ತಿದ್ದಳು.

ಮಾರ್ಚ್ 30, ಯುಗಾದಿ

ಆರು ದಿನ ಓಡಿಸಿದೆ. ಗುಂಡಿ, ಲೈಟು, ವೈಪರ್, ಏನು ಮಾಡಿದರೂ ಮುಳ್ಳು ಅಲುಗಾಡಲ್ಲ. ಗಾಡಿ ತೊಳೆದು ಮಾವಿನ ಸೊಪ್ಪು ಕಟ್ಟಿದೆ. ಹೋಳಿಗೆ ಮೂರು ತಿಂದೆ. ಇನ್ನೂ ಐದು ವರ್ಷ ಓಡಿಸಬಹುದು ಅನ್ನಿಸ್ತಿದೆ.

ಏಪ್ರಿಲ್ 12, ಶನಿವಾರ

ಮಾವು ಶುರು. ತೋಟದಿಂದ ಮಂಡಿಗೆ ದಿನಕ್ಕೆ ಎರಡು, ಮೂರು ಲೋಡ್. ಮುನಿಶಾಮಿ ಟೀ ಅಂದ. ಮುಳ್ಳು ನೋಡಿದೆ, ಎಲ್ಲ ಮಧ್ಯದಲ್ಲಿ. ಲೇಟಾಗುತ್ತೆ ಕಣ್ಲಾ, ಮಂಡಿಯಲ್ಲಿ ಕುಡಿಯೋಣ ಅಂದೆ. ಇನ್ನೊಂದು ಸಲ ಅಂದ. ನಿಲ್ಲಿಸಲಿಲ್ಲ.

ಏಪ್ರಿಲ್ 20, ಭಾನುವಾರ

ಮುನಿಶಾಮಿಗೆ ಏನಾಗಿದೆಯೋ ತಿಳೀತಿಲ್ಲ. ಟೀ ಕೇಳೋದು ಬಿಟ್ಟ. ಕೂಗಿ ಕೂಗಿ ಮಾತಾಡ್ತಿದ್ದವನು ಈಗ ಮಾತೇ ಇಲ್ಲ. ಎಡಗಡೆ ಸೀಟಲ್ಲಿ ಕೂತು ಮೀಟರನ್ನ ನೋಡ್ತಾನೆ, ಸವತಿ ಮಕ್ಕಳನ್ನ ನೋಡೋ ಹಾಗೆ. ಕೂಲಿ ಜಾಸ್ತಿ ಬೇಕಾ ಅಂತ ಕೇಳಿದೆ. ಬೇಡ ಅಂದ. ಮನೇಲಿ ಏನಾದರೂ ಜಗಳವಾ. ಇಲ್ಲ. ಮತ್ತೇನ್ಲಾ?

"ಏನಿಲ್ಲ ಬುಡಣ್ಣ. ಈಗ ನಿಂಗೆ ಇವೇ ಅವಲ್ಲ."

ಅರ್ಥ ಆಗಲಿಲ್ಲ. ಕ್ಲೀನರ್ ಕೆಲಸವನ್ನ ಮೀಟರ್ ಮಾಡುತ್ತಾ? ಹಗ್ಗ ಬಿಗಿಯೋದು, ಹಿಂದಕ್ಕೆ ತೆಗೆಯುವಾಗ ಗಾಡಿ ಮೈಗೆ ತಟ್ಟೋದು, ಎಲ್ಲ ಇವನೇ ಮಾಡಬೇಕು. ಎರಡು ತಟ್ಟಿದರೆ ಬಾ, ಒಂದು ತಟ್ಟಿದರೆ ನಿಲ್ಲು. ಆ ತಟ್ಟೋದು ಈಗಲೂ ನನ್ನ ಬೆನ್ನಿಗೆ ಬಂದು ಮುಟ್ಟುತ್ತೆ, ಕೇಳದಿದ್ದರೂ.

ಮೇ 3, ಶನಿವಾರ

ಬರೆಯೋಕೆ ಆಗ್ತಿಲ್ಲ. ಮುನಿಶಾಮಿ ಆಸ್ಪತ್ರೆಯಲ್ಲಿದ್ದಾನೆ. ಜೀವಕ್ಕೆ ಭಯ ಇಲ್ಲ ಅಂದರು. ಎರಡು ಸಲ ಕೇಳಿದೆ, ಸರಿಯಾಗಿ ಕೇಳಿಸ್ತಾ ಅಂತ ಗೊತ್ತಾಗದೆ.

ಮೇ 5, ಸೋಮವಾರ

ನಡೆದದ್ದು ನಡೆದ ಹಾಗೆ ಬರೀತೀನಿ. ಆಗಲಾದರೂ ತಿಳಿಯುತ್ತೇನೋ.

ಶುಕ್ರವಾರ ಬೆಳಿಗ್ಗೆ ಹನ್ನೊಂದು ಗಂಟೆ, ಮಂಡಿ. ಹರಾಜು ನಡೀತಿತ್ತು, ಜನವೋ ಜನ. ಗಾಡಿಯನ್ನ ಹಿಂದಕ್ಕೆ ಗೋಡೆ ಹತ್ತಿರ ಕೊಡಬೇಕು. ಮುನಿಶಾಮಿ ಇಳಿದು ಹೋದ. ಎರಡು ತಟ್ಟಿದ. ಬೆನ್ನಿಗೆ ಬಂತು, ಸಂಶಯ ಇಲ್ಲ. ರಿವರ್ಸ್ ಹಾಕಿದೆ. ಆಗ ಆಯಿಲ್ ಮುಳ್ಳು ಒಸಿ ಕೆಳಗೆ ಇಳೀತು. ಬಿಸಿಲು, ಲೋಡು, ಎಂಜಿನ್ ನಿಧಾನ ಇದ್ದಾಗ ಅಷ್ಟು ಇಳಿಯೋದು ಸಹಜ. ಆದರೂ ಅದನ್ನೇ ನೋಡ್ತಾ ಇದ್ದೆ. ಎಷ್ಟು ಹೊತ್ತು? ಮೂರು ಸೆಕೆಂಡ್? ಐದು? ಕನ್ನಡಿ ನೋಡಲಿಲ್ಲ. ಆಮೇಲೆ ಯಾರೋ ಡೋರಿನ ಮೇಲೆ ದಬದಬ ಗುದ್ದಿದರು. ಬ್ರೇಕ್ ಒತ್ತಿದೆ.

ಹಿಂದೆ ಯಾರದೋ ಮಾವಿನ ಕ್ರೇಟ್ ಬಿದ್ದಿತ್ತಂತೆ. ಎಳೆಯೋಕೆ ಇವನು ನಡುವೆ ನುಗ್ಗಿದ್ದಾನೆ. ಗಾಡಿಗೂ ಗೋಡೆಗೂ ಮಧ್ಯ. ಮೂರು ಪಕ್ಕೆಲುಬು, ಒಂದು ಭುಜದ ಮೂಳೆ.

ಕೂಗಿದನಾ? ಮಂಡಿಯ ಒಬ್ಬ ಹಮಾಲಿ ಕೂಗಿದ್ದು ಕೇಳಿಸ್ತು ಅಂದ. ಇನ್ನೊಬ್ಬ ಇಲ್ಲವೇ ಇಲ್ಲ ಅಂದ. ಹರಾಜಿನ ಗಲಾಟೆ. ಒಂದು ತಟ್ಟಲಿಲ್ಲ, ಅದು ನನಗೆ ಗೊತ್ತು. ಕೈಯಲ್ಲಿ ಕ್ರೇಟ್ ಇತ್ತು.

ಮೇ 8, ಗುರುವಾರ

ಪೊಲೀಸಿನವರು ಬಂದಿದ್ದರು. ಮುನಿಶಾಮಿ ಮಲಗಿದ ಕಡೆಯಿಂದಲೇ ಹೇಳಿಕೆ ಕೊಟ್ಟನಂತೆ. ತಪ್ಪೆಲ್ಲ ತನ್ನದೇ, ಬಾ ಅಂತ ತಾನೇ ತಟ್ಟಿ ತಾನೇ ಹೇಳದೆ ಕೇಳದೆ ಗಾಡಿ ಹಿಂದೆ ಹೋದದ್ದು, ಕೂಗಲೂ ಇಲ್ಲ, ಡ್ರೈವರ್ ಏನು ಮಾಡ್ತಾನೆ ಅಂತ. ಪೊಲೀಸಿನವರು ಬರೆದುಕೊಂಡು ನನಗೂ ಸಹಿ ಹಾಕಿಸಿದರು. ಸಹಿ ಹಾಕಿದೆ.

ಪ್ರತಿಮಾ, ಮಂಡಿಯವರು, ಊರವರು, ಎಲ್ಲರೂ ನನಗೆ ಸಮಾಧಾನ ಹೇಳ್ತಾರೆ. ನಿಂದೇನೂ ತಪ್ಪಿಲ್ಲ ಬುಡು ಅಂತ. ತಪ್ಪು ಇಲ್ಲ ಅಂತಲೇ ಇಟ್ಟುಕೊಳ್ಳೋಣ. ತಟ್ಟಿದ್ದು ನಿಜ ತಾನೇ. ಕೂಗದೇ ಇದ್ದರೆ, ಕಿವಿ ಸರಿ ಇದ್ದ ಡ್ರೈವರಿಗೂ ಹೀಗೇ ಆಗ್ತಿತ್ತು. ಕೂಗಿದ್ದರೆ?

ಮೇ 10, ಶನಿವಾರ

ಮುನಿಶಾಮಿ ಹೆಂಡತಿ ವರಲಕ್ಷ್ಮಮ್ಮ ವಾರದಿಂದ ನನ್ನ ಜೊತೆ ಮಾತಾಡಿರಲಿಲ್ಲ. ಇವತ್ತು ಔಷಧಿ ತಂದು ಕೊಟ್ಟೆ, ವಾರ್ಡಿನ ಹೊರಗೆ ಕೈ ಹಿಡಿದು ನಿಲ್ಲಿಸಿದಳು. ಮುಖ ನೋಡಿಕೊಂಡು, ಒಂದೊಂದೇ ಮಾತು ಬಿಡಿಸಿ, ಜೋರಾಗಿ ಹೇಳಿದಳು. ಹಾಗೆ ಹೇಳಿದಾಗಲೇ ನನಗೆ ಅರ್ಥ ಆಗಿಹೋಯ್ತು.

"ಎರಡು ವರ್ಸದಿಂದ ಒಂದಿನ ರಜ ಹಾಕಿಲ್ಲ ಈವಯ್ಯ. ಜ್ವರ ಬಂದ್ರೂ ಎದ್ದು ಬತ್ತಿತ್ತು. ಯಾಕೆ ಅಂತ ಕೇಳುದ್ರೆ, ಅಣ್ಣಂಗೆ ಕಿವಿ ಕೇಳ್ಸಲ್ಲ, ಇಂಜಿನ್ ಸದ್ದು ಕೇಳೋಕೆ ನಾನಿರ್ಬೇಕು ಅಂತಿತ್ತು. ಯಾರ್ಗೂ ಯೋಳ್ಬ್ಯಾಡ ಅಂತ ನನ್ ಕೈಲಿ ಆಣೆ ಇಕ್ಕಿಸ್ಕಂಡೈತೆ."

ಟೀ. ಅಷ್ಟು ಟೀಯೂ. ಸದ್ದು ಬದಲಾದಾಗೆಲ್ಲ ಟೀ ಅಂತ ನಿಲ್ಲಿಸಿ ಬಾನೆಟ್ ಎತ್ತುತ್ತಿದ್ದ. ನಾನು ಮುಳ್ಳು ನೋಡಿಕೊಂಡು, ಲೇಟಾಗುತ್ತೆ ಕಣ್ಲಾ ಅಂದಿದ್ದೆ.

ಆಸ್ಪತ್ರೆಯ ಗೇಟಿನ ಹತ್ತಿರ ಕಲ್ಲಿನ ಮೇಲೆ ಕೂತೆ. ಎಷ್ಟು ಹೊತ್ತು ಕೂತೆನೋ. ನಾಚಿಕೆ ಆಯ್ತು, ಸಿಟ್ಟೂ ಬಂತು. ಗೊತ್ತಿದ್ದವನು ಒಂದು ಸಲ ಹೇಳಬಾರದಿತ್ತಾ? ಹೇಳಿದ್ದರೆ ನಾನು ಒಪ್ಪುತ್ತಿದ್ದೆನಾ? ಕೊರಳ ಪಟ್ಟಿ ಹಿಡಿದು ಗಾಡಿಯಿಂದ ಇಳಿಸ್ತಿದ್ದೆ ಅನ್ಸುತ್ತೆ.

ಮೇ 11, ಭಾನುವಾರ

ಗಾಡಿ ಮನೆ ಮುಂದೆ ನಿಂತಿದೆ. ಹತ್ತಿ ಕೂತೆ, ಸ್ಟಾರ್ಟ್ ಮಾಡಲಿಲ್ಲ. ಕೆಂಪು, ಹಳದಿ, ಹಸಿರು, ನೀಲಿ. ಎಷ್ಟು ಚೆಂದ ಮಾಡಿಕೊಟ್ಟಿದ್ದಾಳೆ ಮಹ್ವಿಶ್. ನಾಲ್ಕೂ ಎಂಜಿನ್ ವಿಚಾರ ಹೇಳುತ್ತವೆ. ಹಿಂದೆ ಮನುಷ್ಯ ಇದ್ದಾನೆ ಅಂತ ಒಂದೂ ಹೇಳಲ್ಲ. ಇದು ನನಗೆ ಫೆಬ್ರವರಿಯಲ್ಲೇ ಯಾಕೆ ಹೊಳೀಲಿಲ್ಲ?

ಸುಮ್ಮನಿದ್ದರೆ ಎಲ್ಲ ಮುಚ್ಚಿಹೋಗುತ್ತೆ. ಅವನೇ ಮುಚ್ಚಿಕೊಟ್ಟಿದ್ದಾನೆ. ಇನ್ನೊಬ್ಬ ಕ್ಲೀನರ್ ಹುಡುಕಿಕೊಂಡು ನಾಳೆಯಿಂದ ಲೋಡ್ ಹೊಡೀಬಹುದು. ಮಂಡಿಯವರು ಫೋನ್ ಮಾಡ್ತಾನೇ ಇದ್ದಾರೆ. ರಿಂಗ್ ಆಗಿದ್ದು ಜೇಬಲ್ಲಿ ನಡುಗಿದಾಗ ಗೊತ್ತಾಗುತ್ತೆ.

ಅವನನ್ನೇ ಕೇಳಬೇಕು. ಕೇಳದೆ ಗಾಡಿ ತೆಗೆಯೋಕೆ ನನ್ನ ಕೈಲಾಗಲ್ಲ.

ಮೇ 13, ಮಂಗಳವಾರ, ಮಧ್ಯಾಹ್ನ

ಆಸ್ಪತ್ರೆಯಿಂದ ಈಗ ಬಂದೆ.

ಪ್ರತಿಮಾನೂ ಬಂದಿದ್ದಳು, ಮುದ್ದೆ ಸಾರು ಕಟ್ಟಿಕೊಂಡು. ವರಲಕ್ಷ್ಮಮ್ಮ ಕಾಲ ಹತ್ತಿರ ಕೂತಿದ್ದಳು. ನಾನು ಇವರಿಬ್ಬರನ್ನೂ ಹೊರಗೆ ಕಳಿಸಿ ಕೇಳೋಣ ಅಂದುಕೊಂಡು ಹೋಗಿದ್ದೆ. ಕಳಿಸಲಿಲ್ಲ. ಅವರ ಮುಂದೆಯೇ ಕೇಳಿದೆ.

"ನಿಜ ಯೋಳ್ಲಾ. ಅವತ್ತು ಕೂಗುದ್ಯಾ?"

ಅವನು ಪ್ರತಿಮಾ ಕಡೆ ನೋಡಿದ. ಪಕ್ಕೆಗೆ ಕಟ್ಟು, ಉಸಿರು ಎಳೆದರೆ ನೋವು, ಗಂಟಲಲ್ಲೇ ಏನೋ ಅಂದ. ತುಟಿ ಆಡಿದ್ದು ಕಂಡಿತು. ಸದ್ದು ಬರಲಿಲ್ಲ. ಪ್ರತಿಮಾ ತಲೆ ಆಡಿಸಿದಳು, ಅಂದರೆ ಅವಳಿಗೆ ಕೇಳಿಸಿದೆ. ನಾನೂ ಹ್ಞೂ ಅಂದು ಎದ್ದು ಬರಬಹುದಿತ್ತು. ಎರಡು ವರ್ಷ ಅದನ್ನೇ ಮಾಡಿದ್ದೀನಿ.

"ಕೇಳುಸ್ಲಿಲ್ಲ ಕಣ್ಲಾ" ಅಂದೆ. "ನಂಗೆ ಕಿವಿ ಕೇಳ್ಸಲ್ಲ."

ಪ್ರತಿಮಾ ಕೈಯಲ್ಲಿದ್ದ ಬಾಕ್ಸ್ ಹಾಗೇ ನಿಂತಿತು. ನನ್ನ ಮುಖ ನೋಡಿದಳು, ಎಷ್ಟೋ ದಿನದ್ದೆಲ್ಲ ಒಂದೊಂದಾಗಿ ಜೋಡಿಸಿಕೊಳ್ತಿದ್ದಳು ಅಂತ ಕಾಣುತ್ತೆ. ಬಾಕ್ಸ್ ಕೆಳಗಿಟ್ಟು ನನ್ನ ಬೆನ್ನ ಮೇಲೆ ಕೈ ಇಟ್ಟಳು. ಗಾಡಿ ಕೀ ತೆಗೆದು ಅವಳಿಗೆ ಕೊಟ್ಟೆ. ಸ್ಟೇಷನ್ನಿಗೂ ಹೋಗಿ ಹೇಳಬೇಕು, ಸಹಿ ಹಾಕುವಾಗ ಕಿವಿ ವಿಚಾರ ಮುಚ್ಚಿಟ್ಟೆ ಅಂತ. ನಾಳೆ ಹೋಗ್ತೀನಿ ಅಂದೆ.

ಆಮೇಲೆ ಮುನಿಶಾಮಿ ಕೈ ಆಡಿಸಿ ಹತ್ತಿರ ಕರೆದ. ಬಗ್ಗಿ ಬಲಗಿವಿಯನ್ನ ಅವನ ಬಾಯಿಗೆ ತಾಗಿಸಿದೆ. ಬಿಸಿ ಉಸಿರು, ಔಷಧಿ ವಾಸನೆ. ನಿಧಾನವಾಗಿ, ಒಂದೊಂದೇ ಮಾತು ಹೇಳಿದ. ಇವತ್ತು ಪೂರ್ತಿ ಕೇಳಿಸ್ತು.

"ಮೂರು ಸಲ ಕೂಗ್ದೆ ಅಣ್ಣ. ಎರಡು ಸಲ ಹೋಲ್ಡ್, ನಿಲ್ಸು ಅಂದೆ. ಮೂರ್ನೇ ಸಲ ಏನೂ ತೋಚ್ದೆ, ದೇವ್ರಾಜಾ ಅಂತ ಕೂಗ್ಬುಟ್ಟೆ. ತಪ್ ತಿಳ್ಕಬ್ಯಾಡ."

ಇಪ್ಪತ್ತೆಂಟು ವರ್ಷ. ನನಗಿಂತ ಮೂರು ವರ್ಷ ದೊಡ್ಡವನು, ಆದರೂ ಅಣ್ಣ ಅಂತಲೇ ಕರೆದವನು. ಒಂದು ದಿನವೂ ನನ್ನ ಹೆಸರು ಹಿಡಿದು ಕೂಗಿದವನಲ್ಲ. ಕೂಗಿದ್ದು ಅದೊಂದೇ ಸಲ, ಅದೂ ನನಗೆ ಕೇಳಿಸಲಿಲ್ಲ.